ಬಾವಿ ಇಣುಕಿ ಬೆಳೆ ಗೊತ್ತುಮಾಡುವ ಊರು: ಹಿವರೆ ಬಜಾರ್‌ನ ನೀರಿನ ಜಮಾ-ಖರ್ಚು

2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ಲಾತೂರಿಗೆ ನೀರು ತುಂಬಿದ ರೈಲು ಹೊರಟಿತು. ಮೊದಲ ಸಲಕ್ಕೆ ಹತ್ತು ವ್ಯಾಗನ್, ಸುಮಾರು 5 ಲಕ್ಷ ಲೀಟರ್. ಲಾತೂರು ನಮ್ಮ ಬೀದರ್‌ಗೆ ಅಂಟಿಕೊಂಡಿರುವ ಜಿಲ್ಲೆ, ಮೀರಜ್ ಬೆಳಗಾವಿಯ ಕಡೆಯವರಿಗೆ ನೆಂಟರ ಊರು. ಹಾಗಾಗಿ ಆ ಸುದ್ದಿ ಇಲ್ಲಿಯೂ ಬಹಳ ದಿನ ಓಡಿತು. ಕುಡಿಯುವ ನೀರು ರೈಲು ಹತ್ತಿ ಬರುವ ಕಾಲವೂ ಬಂತಲ್ಲ ಎಂದು ಜನ ನಿಟ್ಟುಸಿರು ಬಿಟ್ಟರು.

ಅದೇ ಬರದಲ್ಲಿ, ಅದೇ ರಾಜ್ಯದಲ್ಲಿ, ಲಾತೂರಿನ ಸರಾಸರಿ ಮಳೆಯ ಹೆಚ್ಚುಕಡಿಮೆ ಅರ್ಧದಷ್ಟೇ ಮಳೆ ಕಾಣುವ ಒಂದು ಹಳ್ಳಿ ಟ್ಯಾಂಕರ್ ಕರೆಸದೆ ಬೇಸಿಗೆ ದಾಟಿತು. ಅಹಮದ್‌ನಗರ ಜಿಲ್ಲೆಯ (ಈಗ ಅಹಿಲ್ಯಾನಗರ) ಹಿವರೆ ಬಜಾರ್ ಅದು. ಈ ಊರಿನ ಬಗ್ಗೆ ಸಾಕಷ್ಟು ಬರಹಗಳು ಬಂದಿವೆ. ಹೆಚ್ಚಿನವುಗಳಲ್ಲಿ ಎರಡು ಚಿತ್ರಗಳಿರುತ್ತವೆ: ಮೊದಲು ಬೋಳುಗುಡ್ಡ, ಆಮೇಲೆ ಹಸಿರುಗುಡ್ಡ. ನಡುವೆ ಕೈಮುಗಿದು ನಿಂತ ಒಬ್ಬ ಸರಪಂಚ. ಚಿತ್ರಗಳು ಸುಳ್ಳಲ್ಲ. ಆದರೆ ಗುಡ್ಡ ಹಸಿರಾದ ಹಳ್ಳಿಗಳು ಬೇರೆಯೂ ಇವೆ. ಅವುಗಳಲ್ಲಿ ಎಷ್ಟೋ ಊರುಗಳು ಮುಂದಿನ ಬರಕ್ಕೇ ಮತ್ತೆ ಟ್ಯಾಂಕರ್‌ಗೆ ಅರ್ಜಿ ಹಾಕಿವೆ. ಇಂಗಿಸಿದ್ದನ್ನೆಲ್ಲ ನಾಲ್ಕು ಜನ ಎತ್ತಿಬಿಟ್ಟರೆ ಇಂಗಿಸಿ ಏನು ಬಂತು? ಹಾಗಾಗಿ ನನ್ನ ಕಣ್ಣು ಅಲ್ಲಿನ ಗುಡ್ಡಕ್ಕಿಂತ ಲೆಕ್ಕದ ಪುಸ್ತಕದ ಮೇಲೆ.

ಊರು ಕೆಟ್ಟ ಬಗೆ

ಹಿವರೆ ಬಜಾರ್‌ನ ವಿಸ್ತೀರ್ಣ 976 ಹೆಕ್ಟೇರ್, ಜನಸಂಖ್ಯೆ ಸಾವಿರದ ಇನ್ನೂರರ ಆಸುಪಾಸು. ಸಹ್ಯಾದ್ರಿಯ ಮಳೆನೆರಳಿನಲ್ಲಿದೆ, ವರ್ಷಕ್ಕೆ 400 ಮಿಲಿಮೀಟರ್ ಮಳೆ ಬಂದರೆ ಅದೇ ದೊಡ್ಡದು. ನೆಲದಡಿ ದಖನ್ನಿನ ಕರಿಗಲ್ಲು, ಅಂದರೆ ಬಸಾಲ್ಟ್. ವಿಜಯಪುರ, ಬಾಗಲಕೋಟೆಯ ಕಡೆ ಬಾವಿ ತೋಡಿದವರಿಗೆ ಈ ಕಲ್ಲಿನ ಜಿಪುಣತನ ಗೊತ್ತು. ಮೇಲಿನ ಕೆಲವೇ ಮೀಟರ್‌ಗಳ ಸಡಿಲ ಪದರದಲ್ಲಿ ನೀರು ನಿಲ್ಲುತ್ತದೆ, ಅದರ ಕೆಳಗೆ ಗಟ್ಟಿಕಲ್ಲು ಮತ್ತು ಅಲ್ಲೊಂದು ಇಲ್ಲೊಂದು ಬಿರುಕು. ಮೇಲಿನ ಪದರ ಬೇಗ ತುಂಬುತ್ತದೆ, ಅಷ್ಟೇ ಬೇಗ ಬರಿದಾಗುತ್ತದೆ. ಹೊಳೆಯಿಲ್ಲ, ಕಾಲುವೆಯಿಲ್ಲ. ಮಳೆಯೇ ಆದಾಯ, ಆ ಸಡಿಲ ಪದರವೇ ಬ್ಯಾಂಕು.

ಒಂದು ಕಾಲಕ್ಕೆ ಕುಸ್ತಿ ಪೈಲ್ವಾನರಿಗೆ ಹೆಸರಾಗಿದ್ದ ಊರು. 1972ರ ಬರ ಅದರ ಬೆನ್ನು ಮುರಿಯಿತು. ಬೆಳೆ ಹೋದಾಗ ಜನ ಗುಡ್ಡದ ಮರ ಕಡಿದು ಸೌದೆ ಮಾರಿದರು. ಮರ ಹೋದಾಗ ಮಣ್ಣು ಇಳಿದು ಹೋಯಿತು. ಮಣ್ಣು ಹೋದ ಮೇಲೆ ಬಿದ್ದ ಮಳೆಗೆ ಅಲ್ಲಿ ನಿಲ್ಲಲು ಕಾರಣವೇ ಉಳಿಯಲಿಲ್ಲ. ಬಾವಿಗಳು ಚಳಿಗಾಲಕ್ಕೇ ತಳ ಕಾಣತೊಡಗಿದವು. ದುಡಿಯುವ ವಯಸ್ಸಿನವರು ಪುಣೆ, ಮುಂಬೈಯ ದಾರಿ ಹಿಡಿದರು, ಉಳಿದವರಲ್ಲಿ ಕೆಲವರು ಭಟ್ಟಿ ಇಟ್ಟರು. ಇಷ್ಟು ಚಿಕ್ಕ ಊರಿನಲ್ಲಿ 22 ಸಾರಾಯಿ ಭಟ್ಟಿಗಳಿದ್ದವು ಎಂದು ವರದಿಗಳು ಹೇಳುತ್ತವೆ. ಸರ್ಕಾರಿ ನೌಕರರಿಗೆ ಇಲ್ಲಿಗೆ ವರ್ಗವಾಗುವುದೆಂದರೆ ಶಿಕ್ಷೆ.

ಇಲ್ಲಿ ಒಂದು ಮಾತು. 1972ರಂಥ ಬರ ಬಂದು ಹೋಗುತ್ತದೆ. ಊರು ಕೆಟ್ಟದ್ದು ಆ ಒಂದು ವರ್ಷದಲ್ಲಲ್ಲ, ಆಮೇಲಿನ ಹದಿನೇಳು ವರ್ಷಗಳಲ್ಲಿ. ಮಳೆ ಚೆನ್ನಾಗಿ ಬಂದ ವರ್ಷವೂ ಎದ್ದು ನಿಲ್ಲುವ ಶಕ್ತಿ ಇರಲಿಲ್ಲ.

ಗುಡ್ಡದಿಂದ ಬಾವಿಗೆ

1989ರ ಸುಮಾರಿಗೆ ಊರಿನ ಯುವಕರು ತಮ್ಮಲ್ಲೊಬ್ಬನನ್ನು ಸರಪಂಚನನ್ನಾಗಿ ನಿಲ್ಲಿಸಿದರು. ಎಂ.ಕಾಂ. ಓದಿದ್ದ, ಕ್ರಿಕೆಟ್ ಹುಚ್ಚಿನ ಪೋಪಟರಾವ್ ಪವಾರ್ ಅವಿರೋಧವಾಗಿ ಆಯ್ಕೆಯಾದರು. ಅದೇ ಜಿಲ್ಲೆಯಲ್ಲಿ ಅಣ್ಣಾ ಹಜಾರೆಯವರ ಹಳ್ಳಿ ರಾಳೆಗಣ ಸಿದ್ಧಿ ಮಳೆನೀರು ಹಿಡಿದಿಡುವುದರಲ್ಲಿ ಆಗಲೇ ಮಾದರಿಯಾಗಿ ನಿಂತಿತ್ತು. ಏನು ಮಾಡಬೇಕೆಂದು ಹೊಸದಾಗಿ ಕಂಡುಹಿಡಿಯುವ ಕಷ್ಟ ಇರಲಿಲ್ಲ, ಮಾಡುವುದಷ್ಟೇ ಬಾಕಿಯಿತ್ತು.

ಕಾಮಗಾರಿಯ ಕಥೆಯನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅದು ಎಲ್ಲ ಜಲಾನಯನ ಯೋಜನೆಗಳ ಕಥೆಯೂ ಹೌದು. ಮೊದಲು ಭಟ್ಟಿಗಳು ಮುಚ್ಚಿದವು. 1993ರಲ್ಲಿ ಸಾಮಾಜಿಕ ಅರಣ್ಯ ಇಲಾಖೆಯ ಜತೆಗೂಡಿ 70 ಹೆಕ್ಟೇರ್ ಬೋಳು ಅರಣ್ಯದಲ್ಲಿ ಕೆಲಸ ಶುರುವಾಯಿತು. 1994ರಲ್ಲಿ ಗ್ರಾಮಸಭೆ ಹನ್ನೆರಡು ಇಲಾಖೆ-ಸಂಸ್ಥೆಗಳ ಬಾಗಿಲು ತಟ್ಟಿತು. ಕೂಲಿಯ ಹಣ ಬಂದದ್ದು ಉದ್ಯೋಗ ಖಾತರಿ ಯೋಜನೆಯಿಂದ. ದೇಶಕ್ಕೆಲ್ಲ ನರೇಗಾ ಬರುವ ಎಷ್ಟೋ ಮೊದಲೇ ಮಹಾರಾಷ್ಟ್ರದಲ್ಲಿ ಅಂಥದೊಂದು ಯೋಜನೆ ಇತ್ತು. ಅದು ಹುಟ್ಟಿದ್ದೂ ಎಪ್ಪತ್ತರ ದಶಕದ ಅದೇ ಬರದಲ್ಲಿ. ಆಮೇಲೆ ರಾಜ್ಯದ ಆದರ್ಶ ಗಾಂವ್ ಯೋಜನೆಯೂ ಕೈಜೋಡಿಸಿತು. ಗುಡ್ಡದ ಸುತ್ತ ಸಮಪಾತಳಿಯಲ್ಲಿ ಸುಮಾರು 40,000 ಕಂದಕಗಳು, ಹೊಲಗಳಲ್ಲಿ ಒಡ್ಡು, ಹಳ್ಳಕ್ಕೆ ತಡೆ ಅಣೆ, ತಗ್ಗಿನಲ್ಲಿ ಇಂಗುಕೆರೆ.

ಕಂದಕದ ಕೆಲಸ ಈಗ ಇನ್ನೂ ಹೆಚ್ಚು ಅರ್ಥವಾಗುತ್ತದೆ. ಮಳೆ ಬೀಳುವ ದಿನಗಳು ಕಡಿಮೆಯಾಗಿ, ಬಿದ್ದಾಗ ಒಮ್ಮೆಲೇ ಸುರಿಯುವುದು ದಖನ್ನಿನ ಒಣನಾಡಿಗೆ ಹೊಸ ಚಾಳಿಯಾಗುತ್ತಿದೆ. ಒಂದೇ ರಾತ್ರಿ ಅರವತ್ತು ಮಿಲಿಮೀಟರ್ ಸುರಿದರೆ ಬೋಳುಗುಡ್ಡ ಅದನ್ನು ಬೆಳಗಾಗುವುದರೊಳಗೆ ಪಕ್ಕದ ಊರಿಗೆ ದಾಟಿಸುತ್ತದೆ. ಕಂದಕವಿರುವ ಗುಡ್ಡ ಅದರಲ್ಲಿ ಒಂದಷ್ಟನ್ನಾದರೂ ಹಿಡಿದಿಟ್ಟು, ವಾರಗಟ್ಟಲೆ ನಿಧಾನವಾಗಿ ಕೆಳಗಿನ ಬಾವಿಗಳಿಗೆ ಇಳಿಸುತ್ತದೆ.

ಇದರ ಜತೆಗೆ ಊರು ಐದು ಕಟ್ಟುಪಾಡುಗಳನ್ನು ಹಾಕಿಕೊಂಡಿತು. ಮರಕ್ಕೆ ಕೊಡಲಿ ಹಾಕುವಂತಿಲ್ಲ, ಗುಡ್ಡದಲ್ಲಿ ದನ-ಮೇಕೆ ಮೇಯಿಸುವಂತಿಲ್ಲ, ಮದ್ಯವಿಲ್ಲ, ಕುಟುಂಬ ಯೋಜನೆ ಪಾಲಿಸಬೇಕು, ಶ್ರಮದಾನಕ್ಕೆ ಬರಬೇಕು. ಹುಲ್ಲು ಬೇಕಾದವರು ಕುಡಗೋಲು ಹಿಡಿದು ಹೋಗಿ ಕೊಯ್ದು ಹೊತ್ತು ತರಬಹುದು. ಕಾಲು ಹಾಕದ ಗುಡ್ಡದಲ್ಲಿ ಹುಲ್ಲು ಹೇಗೆ ಎದ್ದಿತೆಂದರೆ, 2000ರಲ್ಲಿ 100 ಟನ್ ಇದ್ದ ಇಳುವರಿ 2004ಕ್ಕೆ 6,000 ಟನ್ ಮುಟ್ಟಿತು. ತೊಂಬತ್ತರ ದಶಕದ ನಡುವೆ ದಿನಕ್ಕೆ 150 ಲೀಟರ್ ಹಾಲು ಕರೆಯುತ್ತಿದ್ದ ಊರು ಹದಿನೈದು ವರ್ಷಗಳಲ್ಲಿ 4,000 ಲೀಟರ್‌ಗೆ ಬಂತು. ಬೆಳೆ ಕೈಕೊಟ್ಟ ವರ್ಷವೂ ಹಾಲಿನ ದುಡ್ಡು ಹತ್ತು ದಿನಕ್ಕೊಮ್ಮೆ ಬರುತ್ತದಲ್ಲ, ಬರದ ವಿಮೆ ಎಂದರೆ ನನ್ನ ಪ್ರಕಾರ ಇದೇ. ಕಂಪನಿಯ ವಿಮೆಯಂತೆ ಇದಕ್ಕೆ ಸರ್ವೆಯವರು ಬಂದು ಫೋಟೊ ಹೊಡೆಯುವುದನ್ನು ಕಾಯಬೇಕಾಗಿಲ್ಲ.

ಜಮಾ-ಖರ್ಚು

ಈಗ ನಿಜವಾದ ವಿಷಯ. 2004ರಿಂದ ಊರು ರಾಜ್ಯದ ಅಂತರ್ಜಲ ಸಮೀಕ್ಷೆ ಮತ್ತು ಅಭಿವೃದ್ಧಿ ಸಂಸ್ಥೆಯ ನೆರವಿನಿಂದ ಪ್ರತಿ ವರ್ಷ ನೀರಿನ ಲೆಕ್ಕ ಹಾಕುತ್ತಿದೆ. ಮಳೆಮಾಪಕಗಳಿವೆ, ನೀರಿನ ಮಟ್ಟ ಅಳೆಯಲು ಗೊತ್ತುಮಾಡಿದ ತೆರೆದ ಬಾವಿಗಳಿವೆ. ಮುಂಗಾರು ಮುಗಿಯುತ್ತಿದ್ದಂತೆ, ಹಿಂಗಾರಿ ಬಿತ್ತನೆಗೆ ಮೊದಲು, ಗ್ರಾಮಸಭೆಯಲ್ಲಿ ಆ ಲೆಕ್ಕ ಓದುತ್ತಾರೆ: ಇಷ್ಟು ಬಂತು, ಇಷ್ಟಿದೆ, ಇಷ್ಟರಲ್ಲಿ ಏನು ಬೆಳೆಯಬಹುದು. ಜನ ಮತ್ತು ಜಾನುವಾರುಗಳ ಬಳಕೆಗೆ ಮೊದಲು ತೆಗೆದಿಡಬೇಕು. ಉಳಿದದ್ದರಲ್ಲಿ ಶೇ 70 ಕೃಷಿಗೆ, ಶೇ 30 ನೆಲದಲ್ಲೇ ಮುಂದಿನ ವರ್ಷಕ್ಕೆ. ಬ್ಯಾಂಕಿನಲ್ಲಿ ಠೇವಣಿ ಇಟ್ಟಂತೆ, ಮುಟ್ಟುವಂತಿಲ್ಲ.

ಈ ಲೆಕ್ಕ ಎಷ್ಟು ಸರಳ ಎಂಬುದನ್ನು ಕಾಗದದ ಮೇಲೆ ಹಾಕಿಯೇ ನೋಡಬೇಕು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ಒಂದು ಹೆಕ್ಟೇರ್ ಮೇಲೆ 100 ಮಿಲಿಮೀಟರ್ ಬಿದ್ದರೆ 10 ಲಕ್ಷ ಲೀಟರ್. ಹಿವರೆ ಬಜಾರ್‌ನ 976 ಹೆಕ್ಟೇರ್ ಮೇಲೆ 100 ಮಿಲಿಮೀಟರ್ ಎಂದರೆ 97.6 ಕೋಟಿ ಲೀಟರ್. ಲಾತೂರಿಗೆ ಹೋದ ಮೊದಲ ರೈಲಿನ ಲೆಕ್ಕದಲ್ಲಿ ಇದು 1,952 ರೈಲು! ಪೂರ್ತಿ ಹಿಡಿಯಲು ಆಗುವುದಿಲ್ಲ, ನಿಜ. ಬಹುಪಾಲು ಆವಿಯಾಗುತ್ತದೆ, ಒಂದಷ್ಟು ಹರಿದು ಹೋಗುತ್ತದೆ. ಆದರೂ ಆಕಾಶ ಕೊಟ್ಟದ್ದು ಇಷ್ಟೆಂದು ತಿಳಿದವನು ಮಾತನಾಡುವ ಧಾಟಿಯೇ ಬೇರೆ.

ಈಗ ಖರ್ಚಿನ ಕಡೆ ಬನ್ನಿ. ತಲೆಗೆ ದಿನಕ್ಕೆ 55 ಲೀಟರ್, ಇದು ಗ್ರಾಮೀಣ ನೀರು ಪೂರೈಕೆಗೆ ಸರ್ಕಾರ ಇಟ್ಟುಕೊಂಡ ಅಳತೆ. ಆ ಪ್ರಕಾರ 1,250 ಜನರಿಗೆ ವರ್ಷಕ್ಕೆ ಬೇಕಾಗುವುದು ಸುಮಾರು 2.5 ಕೋಟಿ ಲೀಟರ್. ನೂರು ಮಿಲಿಮೀಟರ್ ಮಳೆಯ ನೂರರಲ್ಲಿ ಮೂರು ಪಾಲೂ ಅಲ್ಲ. ಹಾಗಾದರೆ ನಮ್ಮ ಹಳ್ಳಿಗಳಲ್ಲಿ ಮಾರ್ಚ್ ಬಂದರೆ ಕೊಡಗಳ ಸಾಲು ಏಕೆ? ಒಂದು ಹೆಕ್ಟೇರ್ ಕಬ್ಬಿಗೆ ವರ್ಷಕ್ಕೆ ಸರಿಸುಮಾರು 2,000 ಮಿಲಿಮೀಟರ್‌ನಷ್ಟು ನೀರು ಬೇಕು, ಅಂದರೆ 2 ಕೋಟಿ ಲೀಟರ್. ಮೂರು ಎಕರೆ ಕಬ್ಬು ಬೆಳೆದರೆ ಇಡೀ ಹಿವರೆ ಬಜಾರ್‌ನ ಒಂದು ವರ್ಷದ ಬಳಕೆಯ ನೀರು ಮುಗಿಯಿತು.

ಆ ಊರಿನಲ್ಲಿ ಕಬ್ಬಿಗೆ, ಬಾಳೆಗೆ ನಿಷೇಧ ಇರುವುದು ಇದೇ ಕಾರಣಕ್ಕೆ. ಈ ನಿರ್ಧಾರದ ತೂಕ ತಿಳಿಯಬೇಕಾದರೆ ಜಿಲ್ಲೆಯ ಇತಿಹಾಸ ನೋಡಬೇಕು. ದೇಶದ ಮೊದಲ ಸಹಕಾರಿ ಸಕ್ಕರೆ ಕಾರ್ಖಾನೆಗಳ ಸಾಲಿನಲ್ಲಿ ನಿಲ್ಲುವ ಪ್ರವರಾ ಕಾರ್ಖಾನೆ 1950ರ ಸುಮಾರಿಗೆ ಅರೆಯಲು ಶುರು ಮಾಡಿದ್ದು ಇದೇ ಜಿಲ್ಲೆಯ ಲೋಣಿಯಲ್ಲಿ. ಅಲ್ಲಿ ಕಬ್ಬು ಎಂದರೆ ಬೆಳೆ ಮಾತ್ರವಲ್ಲ. ಸಾಲ, ಚುನಾವಣೆ, ಮದುವೆಯ ಸಂಬಂಧ ಎಲ್ಲವೂ. ಮಂಡ್ಯದ ನಡುವೆ ಒಂದು ಹಳ್ಳಿ ಕಬ್ಬು ಬೇಡ ಎಂದು ಠರಾವು ಮಾಡಿದರೆ ಹೇಗಿರುತ್ತದೋ ಹಾಗೆ.

ಮಳೆ ಚೆನ್ನಾಗಿ ಬಂದ ವರ್ಷ ಗೋಧಿ, ಈರುಳ್ಳಿ, ತರಕಾರಿ. ಕಡಿಮೆ ಬಂದ ವರ್ಷ ಗೋಧಿಯ ಎಕರೆಗಳನ್ನು ಕತ್ತರಿಸಿ ಹಿಂಗಾರಿ ಜೋಳ, ಕಡಲೆ, ಮೇವು. ಜೋಳ ನೆಲದ ಹಸಿಯಲ್ಲೇ ಅರ್ಧ ದಾರಿ ಸಾಗುತ್ತದೆ, ಕಡಲೆಗೆ ಇಬ್ಬನಿಯೇ ಸಾಕು ಎಂದು ನಮ್ಮ ಎರೆಹೊಲದ ಹಿರಿಯರು ಹೇಳುವುದಿಲ್ಲವೇ, ಅದೇ ತಿಳಿವಳಿಕೆ. ವ್ಯತ್ಯಾಸ ಇರುವುದು ಒಂದರಲ್ಲಿ. ಬೇರೆ ಊರುಗಳಲ್ಲಿ ಬರ ಬಂತೆಂದು ಗೊತ್ತಾಗುವುದು ಬೆಳೆ ಒಣಗಿದಾಗ. ಬೀಜ, ಗೊಬ್ಬರ, ಕೂಲಿಯ ಸಾಲ ಅಷ್ಟು ಹೊತ್ತಿಗೆ ತಲೆಯ ಮೇಲೆ ಬಂದಾಗಿರುತ್ತದೆ. ಇಲ್ಲಿ ಬರವನ್ನು ಬಿತ್ತನೆಗೆ ಮೊದಲೇ, ಕುಳಿತ ಜಾಗದಲ್ಲಿ, ಅಂಕಿಯಾಗಿ ಓದಿ ಹೇಳುತ್ತಾರೆ. ಅಂಕಿಯಾಗಿ ಬಂದ ಬರಕ್ಕೆ ಬೆಳೆ ಬದಲಿಸಿ ಉತ್ತರ ಕೊಡಬಹುದು. ಒಣಗಿದ ಪೈರಾಗಿ ಬಂದ ಬರಕ್ಕೆ ತಹಶೀಲ್ದಾರ್ ಕಚೇರಿಯ ಮುಂದಿನ ಧರಣಿಯೇ ಗತಿ.

ಇಷ್ಟೆಲ್ಲ ನಡೆಯಲು ಇನ್ನೊಂದು ನಿಯಮ ಬೆನ್ನೆಲುಬಾಗಿದೆ: ವ್ಯವಸಾಯಕ್ಕೆ ಕೊಳವೆಬಾವಿ ಕೊರೆಸುವಂತಿಲ್ಲ. ತೆರೆದ ಬಾವಿ ಎಷ್ಟಾದರೂ ಇರಲಿ. 97 ಇದ್ದ ಬಾವಿಗಳು ಮುಂದೆ 217 ಆದವು. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಎರಡೂ ಎತ್ತುವುದು ನೀರನ್ನೇ ಅಲ್ಲವೇ? ಹೌದು, ಆದರೆ ತೆರೆದ ಬಾವಿಯನ್ನು ದಾರಿಹೋಕನೂ ಇಣುಕಿ ನೋಡಬಹುದು. ಯಾರ ಬಾವಿಯಲ್ಲಿ ಎಷ್ಟು ಮೆಟ್ಟಿಲು ನೀರಿದೆ, ಯಾರು ರಾತ್ರಿ ಹಗಲು ಪಂಪು ಓಡಿಸುತ್ತಿದ್ದಾರೆ ಎಂಬುದು ಗುಟ್ಟಾಗಿ ಉಳಿಯುವುದಿಲ್ಲ. ಮೇಲಿನ ಪದರದ ನೀರು ಮುಗಿದರೆ ಪಂಪು ತಾನೇ ನಿಲ್ಲುತ್ತದೆ. ಕೊಳವೆಬಾವಿಗೆ ಕಣ್ಣಿಲ್ಲ. ಆರು ಅಂಗುಲದ ತೂತಿನಲ್ಲಿ ಎಂಟುನೂರು ಅಡಿಯ ಕೆಳಗೆ ಏನಾಗುತ್ತಿದೆ ಎಂಬುದು ಅದನ್ನು ಕೊರೆಸಿದವನಿಗೂ ಗೊತ್ತಿರುವುದಿಲ್ಲ. ಒಬ್ಬ ಇನ್ನೂರು ಅಡಿ ಹೆಚ್ಚು ಇಳಿಸಿದರೆ ಪಕ್ಕದವನದು ಬತ್ತುತ್ತದೆ, ಅವನು ಸಾಲ ಮಾಡಿ ಇನ್ನೂರು ಅಡಿ ಇಳಿಸುತ್ತಾನೆ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಈ ಪಂದ್ಯದ ಕೊನೆ ಹೇಳಿಕೊಡಬೇಕಾಗಿಲ್ಲ. ಕಾಣದ ನೀರಿನ ಜಮಾ-ಖರ್ಚು ಬರೆಯಲು ಯಾವ ಗ್ರಾಮಸಭೆಯಿಂದಲೂ ಆಗದು.

ಗಮನಿಸಬೇಕಾದ ಇನ್ನೊಂದು ಅಂಶ: ಈ ನಿಷೇಧಗಳ ಬೆನ್ನಿಗೆ ನಿಂತದ್ದು ಊರಿನ ಒಪ್ಪಂದ. 1882ರ ಅನುಭೋಗ ಹಕ್ಕುಗಳ ಕಾಯಿದೆಯ ಕಾಲದಿಂದಲೂ ನಮ್ಮಲ್ಲಿ ಜಮೀನು ಯಾರದೋ ಅದರಡಿಯ ನೀರೂ ಅವರದೇ ಎಂಬ ತಿಳಿವಳಿಕೆ ಬೇರೂರಿದೆ. ಹಿವರೆ ಬಜಾರ್ ಆ ಹಕ್ಕನ್ನು ಪ್ರಶ್ನಿಸಿ ಕೋರ್ಟಿಗೆ ಹೋಗಲಿಲ್ಲ. ಹಕ್ಕಿದೆ, ಬಳಸುವುದಿಲ್ಲ ಎಂದು ಒಬ್ಬರಿಗೊಬ್ಬರು ಮಾತು ಕೊಟ್ಟರು. ಹಳೆಯ ಮೈಸೂರು ಸೀಮೆಯಲ್ಲಿ ಕೆರೆಗೊಬ್ಬ ನೀರುಗಂಟಿ ಇದ್ದ. ಕೆರೆ ಅರ್ಧವೇ ತುಂಬಿದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ನೆಲಕ್ಕೆ ನೀರು, ಯಾರಿಗೆ ಎಷ್ಟು ಹೊತ್ತು ಎಂದು ಊರು ಕೂತು ಗೊತ್ತುಮಾಡುತ್ತಿತ್ತು. ತೂಬು ಎತ್ತುವ ಕೈ ಮಾತ್ರ ಅವನದು. ಆಗಲೂ ಎಲ್ಲರಿಗೂ ಕೆರೆ ಕಾಣುತ್ತಿತ್ತು. ಕೊಳವೆಬಾವಿ ಬಂದ ಮೇಲೆ ನೀರುಗಂಟಿಯ ಮಾತಿಗೆ ಕಿವಿ ಕೊಡುವ ಅಗತ್ಯ ಇಲ್ಲವಾಯಿತು.

ಮುಜುಗರದ ಪ್ರಶ್ನೆಗಳು

ಫಲಿತಾಂಶದ ಅಂಕಿಗಳನ್ನು ಎಲ್ಲರೂ ಬರೆಯುತ್ತಾರೆ. 1995ರಲ್ಲಿ 182 ಕುಟುಂಬಗಳಲ್ಲಿ 168 ಬಡತನ ರೇಖೆಯ ಕೆಳಗಿದ್ದವು, ಮುಂದೆ ಅವು ಮೂರಕ್ಕೆ ಇಳಿದವು. ತಲಾ ವರಮಾನ ವರ್ಷಕ್ಕೆ 830 ರೂಪಾಯಿ ಇದ್ದದ್ದು 2012ರ ಹೊತ್ತಿಗೆ 30,000. ಊರು ಬಿಟ್ಟಿದ್ದ ಎಷ್ಟೋ ಮನೆಯವರು ವಾಪಸಾದರು. ಇವುಗಳಲ್ಲಿ ಹಲವು ಊರೇ ಮಾಡಿಕೊಂಡ ಎಣಿಕೆಗಳು. ಬೆಲೆಯೇರಿಕೆ ಕಳೆದರೆ ಮೂವತ್ತು ಸಾವಿರ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಆದರೂ ದಿಕ್ಕಿನ ಬಗ್ಗೆ ಅನುಮಾನವಿಲ್ಲ. ನೀರಾವರಿ ಪ್ರದೇಶ 1999ರ 120 ಹೆಕ್ಟೇರ್‌ನಿಂದ 2006ಕ್ಕೆ 260 ಹೆಕ್ಟೇರ್‌ಗೆ ಬಂದದ್ದು ಕಣ್ಣಿಗೆ ಕಾಣುವ ಬದಲಾವಣೆ.

ನನಗೆ ಕಸಿವಿಸಿ ಇರುವುದು ಬೇರೆ ಕಡೆ. ಮೇಯಿಸುವುದಕ್ಕೆ ನಿಷೇಧ ಹಾಕಿದ ದಿನ ಹತ್ತು ಎಕರೆಯವನಿಗೆ ಏನೂ ಆಗುವುದಿಲ್ಲ. ಗುಡ್ಡವನ್ನೇ ನಂಬಿ ನಾಲ್ಕು ಮೇಕೆ ಸಾಕಿಕೊಂಡವರ ಹೊಟ್ಟೆಗೆ ಅದು ಅಂದೇ ತಟ್ಟುತ್ತದೆ. ಹುಲ್ಲು ಹೆಚ್ಚಿ, ಹಸು ಬಂದು, ಹಾಲಿನ ದುಡ್ಡು ಕೈಸೇರಲು ವರ್ಷಗಳು ಬೇಕು. ಆ ವರ್ಷಗಳನ್ನು ದಾಟಿಸುವುದು ಕೂಲಿ ಕೆಲಸ ಮಾತ್ರ. ಉದ್ಯೋಗ ಖಾತರಿ ಇಲ್ಲದಿದ್ದರೆ ಐದು ಕಟ್ಟುಪಾಡುಗಳಲ್ಲಿ ಎರಡನೆಯದು ಬಡವರ ಮೇಲಿನ ದಂಡವಾಗಿ ಉಳಿಯುತ್ತಿತ್ತು. ಈ ಮಾದರಿಯನ್ನು ಬೇರೆಡೆಗೆ ಹೊತ್ತೊಯ್ಯುವವರು ನಿಷೇಧವನ್ನು ಮೊದಲು ತೆಗೆದುಕೊಂಡು ಹೋಗುತ್ತಾರೆ, ಕೂಲಿಯನ್ನು ಮರೆತು ಹೋಗುತ್ತಾರೆ. ಇನ್ನು ಮಕ್ಕಳೆಷ್ಟಿರಬೇಕು ಎಂಬುದನ್ನು ನೀರಿನ ನಿಯಮಗಳ ಪಟ್ಟಿಯಲ್ಲಿ ಸೇರಿಸಿದ್ದು ನನಗಂತೂ ಹಿಡಿಸಿಲ್ಲ. ಅಂಥ ನಿಯಮಗಳ ಭಾರ ಬಹುಪಾಲು ಹೆಂಗಸರ ಮೇಲೆಯೇ ಬೀಳುತ್ತದೆ.

ಮತ್ತೆ, ಮೂರು ದಶಕ ಒಬ್ಬರದೇ ಮುಂದಾಳುತನ. ಪವಾರ್ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು, ಅದು ಸಲ್ಲಬೇಕಾದದ್ದೇ. ಆದರೆ ಆ ಊರಿನಲ್ಲಿ ಪಂಚಾಯಿತಿ ಚುನಾವಣೆಗೆ ಮತದಾನ ಅಂತ ನಡೆದದ್ದು 2021ರ ಜನವರಿಯಲ್ಲಿ, ಮೂವತ್ತು ವರ್ಷಗಳ ನಂತರ. ಅವಿರೋಧ ಆಯ್ಕೆಯ ಪರಂಪರೆ ಮುರಿಯಿತೆಂದು ಕೆಲವರು ಬೇಸರಪಟ್ಟರು. ನನಗೆ ಅದರಲ್ಲಿ ಬೇಸರಪಡುವಂಥದ್ದೇನೂ ಕಾಣಲಿಲ್ಲ. ಏಳಕ್ಕೆ ಏಳೂ ಸ್ಥಾನ ಪವಾರ್ ಅವರ ಬಣಕ್ಕೇ ಹೋಯಿತು. ಎದುರಾಳಿ ಇದ್ದೂ ಗೆದ್ದ ನಿಯಮಕ್ಕೆ, ಎದುರಾಳಿಯೇ ಇಲ್ಲದೆ ನಡೆದ ನಿಯಮಕ್ಕಿಂತ ಆಯಸ್ಸು ಹೆಚ್ಚು. ಅದೇ ವರ್ಷದ ಮೇ ತಿಂಗಳಲ್ಲಿ, ಕೊರೊನಾದ ಎರಡನೆಯ ಅಲೆಯ ನಡುವೆ, ಊರಿನ ತಂಡಗಳು ಮನೆಮನೆ ಸುತ್ತಿ ಸೋಂಕಿತರನ್ನು ಗುರುತಿಸಿ ಬೇರೆ ಇರಿಸಿ, ಊರನ್ನು ಸೋಂಕುಮುಕ್ತ ಮಾಡಿಕೊಂಡವು. ಬರಕ್ಕೆಂದು ಕಟ್ಟಿಕೊಂಡ ಅಭ್ಯಾಸ ರೋಗಕ್ಕೂ ಆಯಿತು.

ನಮ್ಮ ಗೋಡೆಗಳ ಮೇಲೆ

2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ಅದಕ್ಕೂ ಮೊದಲು, 2019ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಟಲ್ ಭೂಜಲ ಯೋಜನೆಯನ್ನು ಏಳು ರಾಜ್ಯಗಳಲ್ಲಿ ಶುರು ಮಾಡಿತ್ತು. ಮಹಾರಾಷ್ಟ್ರದ ಜತೆ ಕರ್ನಾಟಕವೂ ಅದರಲ್ಲಿ ಸೇರಿತ್ತು. ಆಯ್ದ ಗ್ರಾಮ ಪಂಚಾಯಿತಿಗಳು ಅಂತರ್ಜಲದ ಆಯವ್ಯಯ ಸಿದ್ಧಪಡಿಸಿ, ಅದರ ಮೇಲೆ ಜಲಭದ್ರತಾ ಯೋಜನೆ ಮಾಡಬೇಕೆಂಬುದು ಅದರ ತಿರುಳು. ಹಿವರೆ ಬಜಾರ್‌ನ ಲೆಕ್ಕದ ಪುಸ್ತಕ ಹೀಗೆ ಸರ್ಕಾರಿ ನಮೂನೆಯಾಗಿ ನಮ್ಮ ಹಳ್ಳಿಗಳಿಗೂ ಬಂತು.

ಬಯಲುಸೀಮೆಯ ಒಂದು ಪಂಚಾಯಿತಿ ಕಟ್ಟಡದ ಹೊರಗೋಡೆಯಲ್ಲಿ ಆ ನಮೂನೆಯನ್ನು ನಾನು ನಿಂತು ಓದಿದ್ದೇನೆ. ನೀಲಿ ಚೌಕಟ್ಟು, ಬಿಳಿ ಅಕ್ಷರ. ಬಿದ್ದ ಮಳೆ, ಇಂಗಿದ ನೀರು, ಎತ್ತಿದ ನೀರು, ಕೊರತೆ. ಕೊರತೆಯ ಸಾಲಿನಲ್ಲಿ ದೊಡ್ಡದೊಂದು ಅಂಕಿಯಿತ್ತು. ವರ್ಷ ಬರೆದಿದ್ದ ಜಾಗದಲ್ಲಿ ಸುಣ್ಣ ಉದುರಿ, ಯಾವ ವರ್ಷದ ಲೆಕ್ಕ ಎಂದು ತಿಳಿಯುವಂತಿರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು, ‘ಅಣ್ಣಾ, ಇದನ್ನು ಸಭೆಯಲ್ಲಿ ಓದಿದರೇ?’ ಎಂದು ಕೇಳಿದೆ. ‘ಪೇಂಟರ್ ಬಂದು ಬರೆದು ಹೋದನಪ್ಪ’ ಎಂದರು. ಅದೇ ಗೋಡೆಯ ಇನ್ನೊಂದು ತುದಿಯಲ್ಲಿ ಬೋರ್‌ವೆಲ್ ಕೊರೆಯುವ ಲಾರಿಯ ಜಾಹೀರಾತು, ಎರಡು ಮೊಬೈಲ್ ಸಂಖ್ಯೆಗಳು. ಅದರ ಬಣ್ಣ ಇನ್ನೂ ಹಸಿಯಾಗಿತ್ತು.